ಚಿತ್ರತುರಗ: ‘ಹೊರೈಜನ್ ಚೇಸ್’ ಎಂಬ ಆಟದ ವಿಮರ್ಶೆ

ಸಾಹಿತ್ಯಕ್ಕೆ ಮೀಸಲಾದ ಮಾಸಪತ್ರಿಕೆಯಲ್ಲಿ ವಿಡಿಯೋ ಗೇಮಿನ ವಿಮರ್ಶೆಗೆ ಸ್ಥಳವೆಲ್ಲಿಯದೆಂದು ಕೆಲವರು ವಾಚಕರು ಹುಬ್ಬು ಗಂಟಿಕ್ಕಬಹುದು. ಅಂಥವರಲ್ಲಿ ನಮ್ಮ ಬಿನ್ನಹವಿಷ್ಟೆ. ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿ ಇಂದ್ರಾದಿ ದೇವತೆಗಳು ಬ್ರಹ್ಮನ ಬಳಿಗೆ ಹೋಗಿ ಬೇಡಿಕೊಂಡದ್ದು ಒಂದು ಆಟಿಕೆಯನ್ನು. ‘ಕ್ರೀಡನೀಯಕ’ವೆಂಬುದೇ ಅಲ್ಲಿಯ ಮಾತು. ಆಟಿಕೆಯೆಂದು ಹುಟ್ಟಿದ ನಾಟ್ಯವು ತರುವಾಯ ವೇದವೆನ್ನಿಸಿಕೊಂಡಿತು. ಹಾಗೆಂದ ಮಾತ್ರಕ್ಕೆ ಇಂದಿನ ಆಟಿಕೆಗಳೆಲ್ಲವೂ ನಾಳೆಯ ವೇದಗಳಾಗುವುವೆಂದು ನಾವು ಹೇಳುವವರಲ್ಲ. ಮನೆಯ ಹುಡುಗರು ಅಂಗೈಯಗಲದ ಪರದೆಯ ಮೇಲೆ ಗಂಟೆಗಟ್ಟಲೆ ಕಣ್ಣು ನೆಟ್ಟಿರುವುದನ್ನು ಕಂಡು ಗದರಿಸುವ ಹಿರಿಯರು ಬಹುಮಂದಿ. ಅವರು ನೋಡುತ್ತಿರುವುದಾದರೂ ಏನೆಂದು ಪಕ್ಕದಲ್ಲಿ ಕುಳಿತು ನೋಡಿದವರು ವಿರಳ. ನೋಡದೆ ಮಾಡಿದ ನಿಂದೆಯು ಓದದೆ ಮಾಡಿದ ಗ್ರಂಥಖಂಡನೆಯಂತೆ ಅಗ್ರಾಹ್ಯವಷ್ಟೆ.

ನಾವು ಪರಿಶೀಲನೆಗೆ ತೆಗೆದುಕೊಂಡಿರುವ ಕೃತಿ ‘ಹೊರೈಜನ್ ಚೇಸ್’. ದಿಗಂತವನ್ನು ಬೆನ್ನಟ್ಟುವುದೆಂದು ಹೆಸರಿನ ಅರ್ಥ. ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ ನಗರದಲ್ಲಿದ್ದ ಅಕ್ವಿರಿಸ್ ಎಂಬ ಸಂಸ್ಥೆಯವರು ಇದನ್ನು 2015ರಲ್ಲಿ ಮೊದಲು ಮೊಬೈಲಿಗಾಗಿಯೂ, ‘ಟರ್ಬೊ’ ಎಂಬ ವಿಶೇಷಣವನ್ನು ಸೇರಿಸಿ 2018ರಲ್ಲಿ ಕಂಪ್ಯೂಟರಿಗಾಗಿಯೂ ಟೆಲಿವಿಷನ್ನಿಗೆ ಜೋಡಿಸುವ ಆಟದ ಯಂತ್ರಗಳಿಗಾಗಿಯೂ ಹೊರತಂದರು. ಆ ಕಾಲಕ್ಕೆ ಅವರು ಯಾವ ದೊಡ್ಡ ಕಂಪನಿಗೂ ಅಧೀನರಾಗಿರಲಿಲ್ಲ. 2023ರಲ್ಲಿ ಅಮೆರಿಕದ ಎಪಿಕ್ ಗೇಮ್ಸ್ ಕಂಪನಿಯು ಸಂಸ್ಥೆಯನ್ನು ಕೊಂಡುಕೊಂಡಿತು. ಆಟದ ವಸ್ತು ಕಾರುಗಳ ಓಟ. ಅದರ ರೀತಿಯು ಮಾತ್ರ ಬುದ್ಧಿಪೂರ್ವಕವಾಗಿ ಹಳೆಯದು. ಇಂದಿನ ಯಂತ್ರಗಳಿಗೆ ಕಾರಿನ ಬಣ್ಣದ ಮೇಲೆ ಬೀಳುವ ಮೋಡದ ನೆರಳನ್ನೂ ತೋರಿಸುವ ಶಕ್ತಿಯಿದ್ದರೂ, ಈ ಕೃತಿಕಾರರು ಅದನ್ನು ಬಿಟ್ಟು, ಕೆಲವೇ ಮುಖಗಳುಳ್ಳ ಆಕೃತಿಗಳನ್ನೂ ಚಪ್ಪಟೆಯಾದ ಗಾಢ ವರ್ಣಗಳನ್ನೂ ಆರಿಸಿಕೊಂಡಿರುವರು. ಹೀಗೆ ಆರಿಸಿಕೊಂಡದ್ದು ಬಡತನವೋ, ವಿವೇಕವೋ? ವಿಮರ್ಶೆಯ ಪ್ರಶ್ನೆ ಇದೇ.

ಇದನ್ನು ನಿರ್ಣಯಿಸುವುದಕ್ಕೆ ಮುಂಚೆ ಈ ಪರಂಪರೆಯ ಮೂಲವನ್ನು ಸ್ವಲ್ಪ ನೋಡಬೇಕು. ಜಪಾನಿನ ಸೆಗಾ ಕಂಪನಿಗಾಗಿ ಯು ಸುಜುಕಿ ಎಂಬವರು 1986ರಲ್ಲಿ ‘ಔಟ್ ರನ್’ ಎಂಬ ಆಟವನ್ನು ರಚಿಸಿದರು. ನಾಣ್ಯ ಹಾಕಿ ಆಡುವ ದೊಡ್ಡ ಪೆಟ್ಟಿಗೆಗಳ ಕಾಲವದು. ಕೆಂಪು ಬಣ್ಣದ ತೆರೆದ ಕಾರು, ಕಡಲ ತೀರ, ಪ್ರತಿಯೊಂದು ಘಟ್ಟದ ಕೊನೆಗೆ ಕವಲೊಡೆಯುವ ದಾರಿ. ಹೊರಡುವುದಕ್ಕೆ ಮೊದಲು ಆಡುವವನೇ ರೇಡಿಯೋ ತಿರುಗಿಸಿ ತನಗೆ ಬೇಕಾದ ಸಂಗೀತವನ್ನು ಆರಿಸಿಕೊಳ್ಳುವ ಸೌಕರ್ಯ. ಅಂದಿನ ಯಂತ್ರಕ್ಕೆ ಆಳವನ್ನು ನಿಜವಾಗಿ ಲೆಕ್ಕ ಹಾಕುವ ಸಾಮರ್ಥ್ಯವಿರಲಿಲ್ಲ. ಆದುದರಿಂದ ರಸ್ತೆಯನ್ನು ಅಡ್ಡಗೆರೆಗಳ ಅಡುಕಿನಂತೆ ಬರೆಯುತ್ತಿದ್ದರು: ಕೆಳಗಿನ ಗೆರೆ ಅಗಲ, ಮೇಲುಮೇಲಕ್ಕೆ ಕಿರಿದು, ದಿಗಂತದಲ್ಲಿ ಒಂದು ಬಿಂದು. ಗೆರೆಗಳನ್ನು ಒಂದೊಂದಾಗಿ ಎಡಕ್ಕೋ ಬಲಕ್ಕೋ ಸರಿಸಿದರೆ ತಿರುವು. ದಾರಿಯ ಬದಿಯ ಮರವೂ ಫಲಕವೂ ಎದುರಿನ ವಾಹನವೂ ಕೇವಲ ಚಪ್ಪಟೆ ಚಿತ್ರಗಳು. ಅವನ್ನು ಕ್ಷಣಕ್ಷಣಕ್ಕೂ ಹಿಗ್ಗಿಸುತ್ತ ಹೋದರೆ ಅವು ನಮ್ಮ ಮೇಲೆಯೇ ನುಗ್ಗಿ ಬಂದಂತೆ ತೋರುವುವು. ರಸ್ತೆಯಂಚಿನ ಬಣ್ಣದ ಪಟ್ಟಿಗಳು ಬದಲಾಗಿ ಬದಲಾಗಿ ಹಿಂದಕ್ಕೆ ಸರಿಯುವುದರಿಂದ ವೇಗದ ಭ್ರಮೆ ಹುಟ್ಟುವುದು. ವಾಸ್ತವವಾಗಿ ಕಾರು ಒಂದು ಅಂಗುಲವೂ ಚಲಿಸಿಲ್ಲ, ಲೋಕವೇ ಅದರ ಕಡೆಗೆ ಬೆಳೆಯುತ್ತ ಬರುತ್ತಿದೆ.

ಈ ಯುಕ್ತಿಯನ್ನು ನೋಡಿದೊಡನೆ ಸಂಸ್ಕೃತವನ್ನು ಓದಿದವರಿಗೆ ಶಾಕುಂತಲದ ಮೊದಲನೆಯ ಅಂಕ ನೆನಪಾಗದೆ ಇರದು. ದುಷ್ಯಂತನು ಜಿಂಕೆಯನ್ನು ಬೆನ್ನಟ್ಟಿ ರಥದಲ್ಲಿ ಬರುತ್ತಾನೆ. ರಥವೇಗದಲ್ಲಿ ಕಣ್ಣಿಗೆ ವಸ್ತುಗಳ ಗಾತ್ರವೂ ಆಕಾರವೂ ದೂರವೂ ಹೇಗೆ ಮಾರ್ಪಡುವುವೆಂಬುದನ್ನು ಕಾಳಿದಾಸನು ರಾಜನ ಬಾಯಲ್ಲಿಯೇ ಹೇಳಿಸಿರುವನು. ಏಳನೆಯ ಅಂಕದಲ್ಲಿ ಮಾತಲಿಯ ರಥ ಸ್ವರ್ಗದಿಂದಿಳಿಯುವಾಗಲೂ ಅದೇ ಚಮತ್ಕಾರವುಂಟು. ಆಗ ದೃಷ್ಟಿ ಮೇಲಿನಿಂದ ಕೆಳಕ್ಕೆ. ಕುದುರೆಯ ಬಣ್ಣವೇನು, ಚಕ್ರದ ಅರೆಗಳೆಷ್ಟು ಎಂಬುದನ್ನು ಕವಿ ಎಣಿಸಹೋಗಿಲ್ಲ. ವೇಗವು ನೋಡುವವನ ಕಣ್ಣಿನಲ್ಲಿ ಏನು ಮಾಡುವುದೋ ಅಷ್ಟನ್ನೇ ಹಿಡಿದು ಮಿಕ್ಕದ್ದನ್ನು ಬಿಟ್ಟಿರುವನು. ರಂಗದ ಮೇಲೆ ರಥವಂತೂ ಇರುತ್ತಿರಲಿಲ್ಲ. ನಟನು ಹೆಜ್ಜೆಯಿಂದಲೂ ಕೈಯಿಂದಲೂ ಅದನ್ನು ಅಭಿನಯಿಸುತ್ತಿದ್ದನು. ನಮ್ಮ ಬಯಲಾಟದಲ್ಲಿಯೂ ವೇಷಧಾರಿ ರಂಗವನ್ನು ಒಂದು ಸುತ್ತು ಹಾಕಿದನೆಂದರೆ ಅರಣ್ಯವನ್ನು ದಾಟಿದಂತಾಯಿತು. ಪ್ರೇಕ್ಷಕರಾರೂ ಮರವೆಲ್ಲಿ ಎಂದು ಕೇಳಲಿಲ್ಲ.

ಭರತನು ಇದಕ್ಕೆ ನಾಟ್ಯಧರ್ಮಿ ಎಂದು ಹೆಸರಿಟ್ಟಿರುವನು. ಲೋಕದಲ್ಲಿ ಇದ್ದುದನ್ನು ಇದ್ದಂತೆ ತೋರಿಸುವುದು ಲೋಕಧರ್ಮಿ. ಕಲೆಯ ಸಂಕೇತಗಳಿಂದ ತೋರಿಸುವುದು ನಾಟ್ಯಧರ್ಮಿ. ಎರಡಕ್ಕೂ ಶಾಸ್ತ್ರದ ಸಮ್ಮತಿಯುಂಟು. ಕಾರೋಟದ ಆಟಗಳಲ್ಲಿಯೂ ಇವೆರಡು ಪಂಥಗಳು ಸ್ಪಷ್ಟವಾಗಿವೆ. ಚಕ್ರದ ಗಾಳಿಯೊತ್ತಡ, ಬ್ರೇಕಿನ ಬಿಸಿ, ಎಂಜಿನ್ನಿನ ಸದ್ದು ಇವುಗಳನ್ನೆಲ್ಲ ಕಂಪನಿಯ ಲೆಕ್ಕಕ್ಕೆ ಸರಿಯಾಗಿ ಅನುಕರಿಸುವವು ಲೋಕಧರ್ಮಿಗಳು. ‘ಹೊರೈಜನ್ ಚೇಸ್’ ಅಪ್ಪಟ ನಾಟ್ಯಧರ್ಮಿ. ಅದರೊಳಗಿನ ಆಕೃತಿಗಳಿಗೆ ಇಂದಿನ ಯಂತ್ರಬಲದಿಂದ ನಿಜವಾದ ಆಳವಿದ್ದರೂ, ಹಳೆಯ ಅಡ್ಡಗೆರೆಗಳ ಆಟಗಳು ಕಲಿಸಿದ ಸಂಕೇತಗಳನ್ನು ಅದು ಕೈಬಿಟ್ಟಿಲ್ಲ. ಹಳೆಯ ಛಂದಸ್ಸಿನಲ್ಲಿ ಹೊಸ ಕವಿ ಬರೆದಂತೆ ಎನ್ನೋಣ. ಛಂದಸ್ಸು ಹಳೆಯದೆಂಬುದು ಗುಣವೂ ಅಲ್ಲ ದೋಷವೂ ಅಲ್ಲವೆಂಬುದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಟದ ಕ್ರಮವು ಸರಳ. ಆಡುವವನ ಕಾರು ಓಟಕ್ಕೆ ಹೊರಡುವಾಗ ಎಲ್ಲರಿಗಿಂತ ಹಿಂದೆ, 20ನೆಯದಾಗಿ ನಿಂತಿರುತ್ತದೆ. ಕೆಲವು ಸುತ್ತುಗಳೊಳಗಾಗಿ ಮುಂದಿನವರೆಲ್ಲರನ್ನೂ ಒಬ್ಬೊಬ್ಬರನ್ನಾಗಿ ದಾಟಿ ಮೊದಲಿಗನಾಗಬೇಕು. ದಾರಿಯಲ್ಲಿ ನಾಣ್ಯಗಳು ಚೆಲ್ಲಿರುತ್ತವೆ. ಒಂದನ್ನೂ ಬಿಡದೆ ಆರಿಸಿಕೊಂಡು ಗೆದ್ದವನಿಗೆ ವಿಶೇಷ ಬಹುಮಾನ. ಪೆಟ್ರೋಲು ಮುಗಿಯುತ್ತ ಬರುವುದರಿಂದ ಅದರ ಡಬ್ಬಿಗಳನ್ನೂ ಓಡುತ್ತಲೇ ಎತ್ತಿಕೊಳ್ಳಬೇಕು. ನೈಟ್ರೋ ಎಂಬ ವೇಗೌಷಧ ಕೆಲವೇ ಸಲಕ್ಕೆ ಸಾಲುವಷ್ಟು ಉಂಟು, ಅದನ್ನು ಎಲ್ಲಿ ವ್ಯಯ ಮಾಡಬೇಕೆಂಬುದೇ ಜಾಣ್ಮೆ. ಅಡ್ಡಬಂದ ಕಾರಿಗೆ ಹಿಂದಿನಿಂದ ಡಿಕ್ಕಿ ಹೊಡೆದರೆ ಅವನು ಮುಂದಕ್ಕೆ ಹೋಗುವನು, ನಾವು ಹಿಂದುಳಿಯುವೆವು. ಇಷ್ಟರಲ್ಲಿಯೇ ಒಂದು ನೀತಿಯೂ ಅಡಗಿದೆಯೆಂದು ಕಾಣುತ್ತದೆ, ಆದರೆ ಅದನ್ನು ಬೆಳೆಸುವುದು ಬೇಡ. ನಮ್ಮ ಮೊಮ್ಮಗನನ್ನು ಬ್ರೇಕ್ ಎಲ್ಲಿ ಎಂದು ಕೇಳಿದಾಗ, “ಇದೆ ತಾತ, ಆದರೆ ಅದನ್ನು ಒತ್ತಿದವರು ಗೆದ್ದದ್ದನ್ನು ನಾನು ಕಂಡಿಲ್ಲ” ಎಂದನು. ಓಟ ನಡೆಯುತ್ತಿರುವಂತೆಯೇ ಬಾನಿನ ಬಣ್ಣ ಕಿತ್ತಳೆಯಿಂದ ನೇರಿಳೆಗೆ ತಿರುಗಿ ಇರುಳಾಗುವುದು. ಕೆಲವೆಡೆ ಮಳೆ, ಕೆಲವೆಡೆ ಹಿಮ, ಮರಳುಗಾಳಿ, ಜ್ವಾಲಾಮುಖಿಯ ಬೂದಿ. ಆಲಂಕಾರಿಕರ ಭಾಷೆಯಲ್ಲಿ ಇವೆಲ್ಲ ಉದ್ದೀಪನವಿಭಾವಗಳು, ಮತ್ತು ಕೃತಿಯ ಉತ್ತಮಾಂಶವೂ ಇಲ್ಲಿಯೇ ಇದೆ. ಮೂರನೆಯ ಸುತ್ತಿನಲ್ಲಿ ಅದೇ ತಿರುವು ಮತ್ತೆ ಬಂದರೂ ಬೆಳಕು ಬದಲಾಗಿರುವುದರಿಂದ ದಾರಿ ಹೊಸದಾಗಿರುತ್ತದೆ. ಪುನರುಕ್ತಿಯನ್ನು ದೋಷವಾಗದಂತೆ ಕಾಪಾಡುವುದು ದೊಡ್ಡ ಕವಿಗಳಿಗೂ ಕಷ್ಟ.

ಇಲ್ಲಿ ಗೃಹಸ್ಥರ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕಾಗಿದೆ. ಬ್ರೇಕಿಲ್ಲದೆ ಗೆಲ್ಲುವುದನ್ನು ಕಲಿತ ಹುಡುಗನು ನಾಳೆ ಬಳ್ಳಾರಿ ರಸ್ತೆಯ ಮೇಲೆ ಮೋಟಾರು ಸೈಕಲನ್ನು ಹೇಗೆ ಓಡಿಸಿಯಾನು ಎಂಬುದು ಅವರ ಭಯ. ಹೆಬ್ಬಾಳದಲ್ಲಿ ವಾಸಿಸುವವರಿಗೆ ಈ ಭಯ ಕೇವಲ ತರ್ಕದ್ದಲ್ಲ. 2003ರಲ್ಲಿ ಇಲ್ಲಿಯ ಮೇಲ್ಸೇತುವೆ ತೆರೆಯಿತು, 2008ರಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣ ಬಂದಿತು. ಅಲ್ಲಿಂದೀಚೆಗೆ ಈ ದಾರಿ ಬೆಳಗಿನ ಹೊತ್ತು ಮುಂದಕ್ಕೆ ಚಲಿಸದಷ್ಟು ನಿಧಾನವಾಗಿಯೂ ನಡುರಾತ್ರಿಯಲ್ಲಿ ಭಯಂಕರ ವೇಗವಾಗಿಯೂ ಇರುವುದನ್ನು ನಾವು ಕಂಡವರೇ. ಇದಕ್ಕೆ ಶ್ರೀಶಂಕುಕನ ಚಿತ್ರತುರಗನ್ಯಾಯವನ್ನು ನೆನೆಯಬೇಕು. ಗೋಡೆಯ ಮೇಲೆ ಬರೆದ ಕುದುರೆಯನ್ನು ನೋಡಿ ನಾವು ಇದು ಕುದುರೆ ಎನ್ನುತ್ತೇವೆ. ಆ ಜ್ಞಾನವು ಸತ್ಯವೂ ಅಲ್ಲ, ಮಿಥ್ಯೆಯೂ ಅಲ್ಲ, ಸಂಶಯವೂ ಅಲ್ಲ, ಹೋಲಿಕೆಯೂ ಅಲ್ಲ. ಇವು ನಾಲ್ಕಕ್ಕೂ ಬೇರೆಯಾದ ಐದನೆಯದೊಂದು ಬಗೆ. ಯಾರೂ ಆ ಕುದುರೆಗೆ ಹುಲ್ಲು ಹಾಕಲು ಹೋಗುವುದಿಲ್ಲ. ಈ ನ್ಯಾಯದಿಂದ ನೋಡಿದರೆ ಲೋಕಧರ್ಮಿಯ ಆಟವೇ ಹೆಚ್ಚು ಅಪಾಯದ್ದು: ಅದು ತಾನು ಚಿತ್ರವೆಂಬುದನ್ನು ಮರೆಸುವುದಕ್ಕೆ ಯತ್ನಿಸುತ್ತದೆ. ಚಪ್ಪಟೆ ಬಣ್ಣದ ಈ ಕಾರು ತಾನು ಚಿತ್ರವೆಂದು ಪ್ರತಿಕ್ಷಣವೂ ಹೇಳಿಕೊಳ್ಳುತ್ತಲೇ ಓಡುತ್ತದೆ.

ಆದರೆ ನ್ಯಾಯವನ್ನು ಪೂರ್ತಿಯಾಗಿ ಹೊಂದಿಸಲು ಹೋದರೆ ಒಂದು ತೊಡಕುಂಟು. ಶಂಕುಕನೂ ಅವನನ್ನು ಖಂಡಿಸಿದವರೂ ಮಾತನಾಡಿದ್ದು ಕುಳಿತು ನೋಡುವವನನ್ನು ಕುರಿತು. ರಸವು ರಾಮನಲ್ಲಿಯೋ, ರಾಮನ ವೇಷ ಹಾಕಿದ ನಟನಲ್ಲಿಯೋ, ಸಹೃದಯನಲ್ಲಿಯೋ ಎಂಬ ಚರ್ಚೆ ಲೊಲ್ಲಟನಿಂದ ಅಭಿನವಗುಪ್ತನವರೆಗೆ ನಡೆಯಿತು. ಇಲ್ಲಿ ಆಡುವ ಹುಡುಗನೇ ನಟ, ಅವನೇ ಪ್ರೇಕ್ಷಕ. ಕೈ ನಟಿಸುತ್ತಿದೆ, ಕಣ್ಣು ಆಸ್ವಾದಿಸುತ್ತಿದೆ. ರಸಾಸ್ವಾದಕ್ಕೆ ಬೇಕಾದ ದೂರವನ್ನು ಅವನು ಎಲ್ಲಿಂದ ತರಬೇಕು? ಸೋತಾಗ ಹುಡುಗರು ಮೊಬೈಲನ್ನು ಎಸೆಯುವುದೂ ಉಂಟು. ಅದು ರೌದ್ರರಸವಲ್ಲ, ಬರಿಯ ಸಿಟ್ಟು. ಆದುದರಿಂದ ಈ ಬಗೆಯ ಕೃತಿಯಲ್ಲಿ ರಸವು ನಿರಂತರವಾಗಿ ಸಿದ್ಧಿಸುವುದಿಲ್ಲವೆಂದೂ, ಎಲ್ಲರನ್ನೂ ದಾಟಿ ಮುಂದೆ ದಾರಿ ಬರಿದಾಗಿ ದಿಗಂತವೊಂದೇ ಎದುರಿಗೆ ಉಳಿದ ಕೆಲವು ಕ್ಷಣಗಳಲ್ಲಿ ಮಾತ್ರ ಅದ್ಭುತವು ಮಿಂಚುವುದೆಂದೂ ನಮ್ಮ ಅಭಿಪ್ರಾಯ. ಆ ಕ್ಷಣಗಳಲ್ಲಿ ಹುಡುಗನ ಮುಖ ನೋಡಿದವರಿಗೆ ಇದು ತಿಳಿದೀತು. ಆಗ ಅವನು ಗೆಲ್ಲುವುದನ್ನೂ ಮರೆತಿರುತ್ತಾನೆ.

ಸಂಗೀತವನ್ನು ಕುರಿತು ನಾವು ಹೆಚ್ಚು ಹೇಳಲಾರೆವು; ಆ ಪದ್ಧತಿಯಲ್ಲಿ ನಮಗೆ ಪರಿಶ್ರಮ ಸಾಲದು. ಸ್ಕಾಟ್ಲೆಂಡಿನವರಾದ ಬ್ಯಾರಿ ಲೀಚ್ ಇದರ ಸಂಗೀತಕಾರರು. 1992ರ ‘ಟಾಪ್ ಗೇರ್’ ಎಂಬ ಕಾರೋಟದ ಆಟಕ್ಕೂ ಅವರದೇ ಸಂಗೀತ. ಆ ಆಟ ಬ್ರೆಜಿಲಿನ ಮನೆಮನೆಗಳಲ್ಲಿ ಪ್ರಿಯವಾಗಿತ್ತು. ಅದನ್ನು ಆಡಿ ಬೆಳೆದ ನಾಡಿನವರು ತಮ್ಮ ಕೃತಿಗೆ ಅದೇ ಸಂಗೀತಗಾರರನ್ನು ಹುಡುಕಿ ಕರೆತಂದರು. ಪೆಟ್ರೋಲಿನ ಚಿಂತೆಯೂ ನೈಟ್ರೋವಿನ ಮಿತವ್ಯಯವೂ ಅಲ್ಲಿಂದಲೇ ಬಂದವು. ‘ಟಾಪ್ ಗೇರ್’ನಲ್ಲಿ ಪೆಟ್ರೋಲಿಗಾಗಿ ಓಟದ ನಡುವೆ ಕಾರನ್ನು ನಿಲ್ಲಿಸಬೇಕಾಗಿತ್ತು, ಇಲ್ಲಿ ನಿಲುಗಡೆಯನ್ನು ತೆಗೆದುಹಾಕಿ ಡಬ್ಬಿಗಳನ್ನು ದಾರಿಯಲ್ಲಿಯೇ ಇಟ್ಟಿರುವರು. ಪೂರ್ವಕವಿಯ ವಸ್ತುವನ್ನು ಉತ್ತರಕವಿ ತಿದ್ದಿಕೊಂಡ ಈ ಬಗೆಯು ಮೆಚ್ಚತಕ್ಕದ್ದು.

ಇನ್ನು ದೋಷ. ‘ಟರ್ಬೊ’ವಿನಲ್ಲಿ 109 ಓಟದ ದಾರಿಗಳಿವೆ, ಕ್ಯಾಲಿಫೋರ್ನಿಯ, ಚಿಲಿ, ಬ್ರೆಜಿಲ್, ಐಸ್‌ಲೆಂಡ್, ಜಪಾನ್ ಮೊದಲಾದ ನಾಡುಗಳ ನಡುವೆ ನಮ್ಮ ಭಾರತವೂ ಉಂಟು. ಭಾರತದ ಹೆಸರು ಕಂಡೊಡನೆ ನಮ್ಮ ಮನೆಯಲ್ಲಿ ಸಂಭ್ರಮವಾದದ್ದು ನಿಜ. ಆದರೆ ನಾಡನ್ನು ಗುರುತಿಸುವುದಕ್ಕೆ ದಾರಿಯ ಬದಿಯಲ್ಲಿ ನಾಲ್ಕು ಚಿಹ್ನೆಗಳನ್ನು ನೆಟ್ಟರೆ ಸಾಕೆಂಬ ಪದ್ಧತಿಯಲ್ಲಿ ಒಂದು ಕೊರತೆ ಇದ್ದೇ ಇದೆ. ನಾಟ್ಯಧರ್ಮಿಯ ಸಂಕೇತಕ್ಕೆ ಬಲ ಬರುವುದು ಅದರ ಹಿಂದೆ ಕಣ್ಣಾರೆ ಕಂಡ ಅನುಭವವಿದ್ದಾಗ. ಕಾಳಿದಾಸನು ಉಜ್ಜಯಿನಿಯನ್ನು ಬಣ್ಣಿಸಿದಂತೆ, ಹೆಸರು ಕೇಳಿ ಮಾತ್ರ ಬಲ್ಲ ದ್ವೀಪಗಳನ್ನು ಬಣ್ಣಿಸಲಾರ. ಬ್ರೆಜಿಲಿನವರಿಗೆ ನಮ್ಮ ನಾಡು ಅಂಥ ದ್ವೀಪ. ಕೆರೆಯೇರಿಯ ಹೊಂಗೆಮರವನ್ನಾಗಲಿ, ಸಂಜೆಯ ರಾಗಿಹೊಲದ ಬಣ್ಣವನ್ನಾಗಲಿ ಅವರ ದಾರಿಯಲ್ಲಿ ಹುಡುಕುವುದು ವ್ಯರ್ಥ. ಅವರನ್ನು ದೂರುವುದೂ ನ್ಯಾಯವಲ್ಲ; ನಮ್ಮ ದಾರಿಯನ್ನು ಬರೆಯಬೇಕಾದವರು ನಾವಲ್ಲವೆ?

ಬರೆಯುವ ಕೈಗಳು ನಮ್ಮಲ್ಲಿ ಇರಲಿಲ್ಲವೆಂದು ಹೇಳುವಂತಿಲ್ಲ. 1997ರಲ್ಲಿ ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಎಂಬುದು ಭಾರತದಲ್ಲಿ ವಿಡಿಯೋ ಗೇಮುಗಳ ಕೆಲಸಕ್ಕೆ ಕೈಹಾಕಿದ ಮೊದಮೊದಲ ಸಂಸ್ಥೆಗಳಲ್ಲಿ ಒಂದು. ಅಮೆರಿಕದ ಮೈಕ್ರೊಸಾಫ್ಟ್ ಕಂಪನಿಯ ‘ಫೋರ್ಜಾ’ ಎಂಬ ಕಾರೋಟದ ಆಟಗಳಿಗೆ ಚಿತ್ರಕೆಲಸ ಮಾಡಿಕೊಟ್ಟವರಲ್ಲಿ ಈ ನಮ್ಮೂರಿನವರೂ ಇದ್ದರು. ‘ಫೋರ್ಜಾ’ ಲೋಕಧರ್ಮಿಯ ಪರಾಕಾಷ್ಠೆ: ದೀಪದ ಗಾಜಿನೊಳಗಿನ ಗೆರೆಗಳನ್ನೂ ಬಿಡದೆ ಬರೆಯುವಂಥದು. ಪರದೇಶದ ಕಾರುಗಳನ್ನು ಪರದೇಶದ ರಸ್ತೆಗಳಿಗಾಗಿ ಅಷ್ಟು ಸೂಕ್ಷ್ಮವಾಗಿ ಬರೆದ ಊರಿನಿಂದ ನಮ್ಮ ರಸ್ತೆಯ ಚಿತ್ರವೊಂದು ಲೋಕಕ್ಕೆ ಪರಿಚಯವಾಗಿ ಬರಲಿಲ್ಲ. 2019ರಲ್ಲಿ ಆ ಸಂಸ್ಥೆಯೂ ರಾಕ್‌ಸ್ಟಾರ್ ಎಂಬ ದೊಡ್ಡ ಕಂಪನಿಯ ವಶವಾಯಿತು. ಕೂಲಿಯ ಶಿಲ್ಪಿಗೆ ಸ್ವಂತ ದೇಗುಲ ಕಟ್ಟುವ ಬಿಡುವು ದೊರೆಯದಿದ್ದುದು ಚರಿತ್ರೆಯಲ್ಲಿ ಹೊಸದಲ್ಲ. ಆದರೆ ನಾಟ್ಯಧರ್ಮಿಯ ಆಟಕ್ಕೆ ಸಾವಿರ ಜನ ಶಿಲ್ಪಿಗಳು ಬೇಕಾಗಿಲ್ಲವೆಂಬುದನ್ನು ಗಮನಿಸಬೇಕು. ಬ್ರೆಜಿಲಿನವರೇ ಆದ ಇನ್ನೊಬ್ಬರು ‘ಸ್ಲಿಪ್‌ಸ್ಟ್ರೀಮ್’ ಎಂಬ ಆಟವನ್ನು, ‘ಔಟ್ ರನ್’ನ ಚಪ್ಪಟೆ ಚಿತ್ರಗಳ ರೀತಿಯನ್ನೇ ಹಿಡಿದು, ಬಹುಮಟ್ಟಿಗೆ ಒಬ್ಬರೇ ರಚಿಸಿ 2018ರಲ್ಲಿ ಹೊರತಂದರು.

ನಮ್ಮ ಬಳ್ಳಾರಿ ರಸ್ತೆಯನ್ನೇ ತೆಗೆದುಕೊಳ್ಳಿ. ಮೇಖ್ರಿ ವೃತ್ತದಿಂದ ಹೊರಟು, ಗಂಗಾನಗರವನ್ನೂ ಪಶುವೈದ್ಯ ಕಾಲೇಜನ್ನೂ ಹಿಂದಿಕ್ಕಿ, ಹೆಬ್ಬಾಳದ ಕೆರೆಯ ಬೆಳಕು ಕಣ್ಣಿಗೆ ಹೊಡೆಯುತ್ತಿರುವಾಗ ಮೇಲ್ಸೇತುವೆಯನ್ನೇರಿ, ಬ್ಯಾಟರಾಯನಪುರ, ಜಕ್ಕೂರಿನ ವಿಮಾನ ಮೈದಾನ, ಯಲಹಂಕದ ವಾಯುನೆಲೆಗಳನ್ನು ದಾಟಿ, ಚಿಕ್ಕಜಾಲದ ಹಳೆಯ ಕೋಟೆಗೋಡೆಯ ಮಗ್ಗುಲಲ್ಲಿ ದೇವನಹಳ್ಳಿಯ ಕಡೆಗೆ. ಬೇಸಗೆಯಲ್ಲಾದರೆ ಗುಲ್‌ಮೊಹರಿನ ಕೆಂಪು. ಈ ಬಗೆಯ ಆಟಗಳಲ್ಲಿ ಎಷ್ಟು ಓಡಿದರೂ ಹತ್ತಿರವಾಗದ ಒಂದು ಗುಡ್ಡವನ್ನು ದಿಗಂತದಲ್ಲಿ ಬರೆಯುವ ಸಂಪ್ರದಾಯವುಂಟು. ಅದಕ್ಕೆ ನಂದಿಬೆಟ್ಟವೇ ಸಿದ್ಧವಾಗಿ ನಿಂತಿದೆ. ನಾಣ್ಯಗಳ ಬದಲು ದೇವನಹಳ್ಳಿಯ ಚಕ್ಕೋತದ ಹಣ್ಣುಗಳನ್ನಿಡಬೇಕೆಂಬುದು ನಮ್ಮ ಮೊಮ್ಮಗನ ಸಲಹೆ. ವಾಹನಗಳ ಸಂದಣಿಯಿಂದ ದಿನವೂ ನಮಗೆ ಶತ್ರುವಾಗಿರುವ ರಸ್ತೆಯನ್ನು ಒಮ್ಮೆಯಾದರೂ ಬರಿದಾಗಿ, ಸಂಜೆಯ ಬಣ್ಣದಲ್ಲಿ, ನಮ್ಮದಾಗಿ ಕಾಣುವ ಸುಖವು ಸಣ್ಣದಲ್ಲ. ಕಲೆಯಲ್ಲದೆ ಬೇರಾವುದೂ ಅದನ್ನು ಕೊಡಲಾರದು.

ತಮ್ಮ ನಾಡನ್ನು ಬರೆಯುವಾಗ ಅಕ್ವಿರಿಸಿನವರ ಕೈ ಹೇಗೆ ಬದಲಾಗುವುದೆಂಬುದಕ್ಕೆ 2021ರಲ್ಲಿ ಅವರು ಸೇರಿಸಿದ ‘ಸೆನ್ನ ಸೆಂಪ್ರೆ’ ಎಂಬ ಭಾಗವೇ ಸಾಕ್ಷಿ. ‘ಎಂದೆಂದಿಗೂ ಸೆನ್ನ’ ಎಂದು ಅರ್ಥ. ಅಯರ್ಟನ್ ಸೆನ್ನ 1988, 1990 ಮತ್ತು 1991ರಲ್ಲಿ ಕಾರೋಟದ ವಿಶ್ವವಿಜೇತನಾದ ಬ್ರೆಜಿಲಿನ ವೀರ. 1994ರ ಮೇ 1ರಂದು ಇಟಲಿಯ ಇಮೋಲಾದಲ್ಲಿ ಓಟದ ನಡುವೆಯೇ ಮಡಿದನು. ಅದುವರೆಗೆ ಕಾರಿನ ಹಿಂದಿದ್ದ ನೋಟವು ಇಲ್ಲಿ ಅವನ ಶಿರಸ್ತ್ರಾಣದೊಳಗೂ ಸೇರಬಲ್ಲದು. ಆಡುವವನು ಅವನ ಕಣ್ಣಿನಿಂದ ದಾರಿಯನ್ನು ನೋಡುವನು. ಮಾರಾಟದಿಂದ ಬಂದ ಹಣದಲ್ಲಿ ಒಂದು ಪಾಲು ಅವನ ಹೆಸರಿನ ಸಂಸ್ಥೆಯ ವಿದ್ಯಾಕಾರ್ಯಕ್ಕೆ ಮೀಸಲಾಯಿತು. ಇಮೋಲಾದ ಅಪಘಾತವನ್ನು ಮಾತ್ರ ಆಟವು ತೋರಿಸುವುದಿಲ್ಲ. ನಾಯಕನ ಮರಣವನ್ನು ರಂಗದ ಮೇಲೆ ತೋರಿಸಕೂಡದೆಂದು ನಮ್ಮ ಲಕ್ಷಣಕಾರರು ಇಟ್ಟ ಕಟ್ಟಳೆಯನ್ನು ಅವರು ಓದಿರಲಾರರು, ಆದರೂ ಪಾಲಿಸಿರುವರು. ಎಲ್ಲರಿಗೂ ಗೊತ್ತಿರುವ ಸಾವು ಕಾಣದೆಯೇ ಇರುವುದರಿಂದ ಇಲ್ಲಿಯ ವೀರಕ್ಕೆ ಕರುಣದ ಛಾಯೆ ಕವಿದಿದೆ. ಇಡೀ ಕೃತಿಯಲ್ಲಿ ನಮಗೆ ಹೆಚ್ಚು ಹಿಡಿಸಿದ ಭಾಗ ಇದು.

ನಮ್ಮ ಹೆಬ್ಬಾಳದಲ್ಲಿಯೇ 2018ರಲ್ಲಿ ಶಾಸನಾಸಕ್ತರು ಒಂದು ವೀರಗಲ್ಲನ್ನು ಗುರುತಿಸಿದರು. ಸುಮಾರು ಕ್ರಿ.ಶ. 750ರದು, ಗಂಗರ ಶ್ರೀಪುರುಷನ ಕಾಲದ್ದು, ಬೆಂಗಳೂರಿನಲ್ಲಿ ದೊರೆತಿರುವ ಕನ್ನಡ ಶಾಸನಗಳಲ್ಲಿ ಅತ್ಯಂತ ಹಳೆಯದೆಂದು ಎಣಿಸಲ್ಪಟ್ಟಿದೆ. ಕಾದಿ ಮಡಿದ ಕಿತ್ತಯ್ಯನೆಂಬವನ ಹೆಸರು ಅದರ ಮೇಲಿದೆ. ಆ ಶಿಲ್ಪಿಯ ಉಳಿಯೂ ಕಿತ್ತಯ್ಯನ ಮೈಯ ರೋಮಗಳನ್ನೆಣಿಸಲು ಹೋಗಿಲ್ಲ, ಕೆಲವೇ ರೇಖೆಗಳಲ್ಲಿ ಕೆಲಸ ಮುಗಿಸಿದೆ. ಮೇಲ್ಸೇತುವೆಯ ಮೇಲೆ ಕಾರಿನಲ್ಲಿ ನಿಂತು ಬೇಸರಪಡುವವರು ಒಂದು ಭಾನುವಾರ ಮಕ್ಕಳೊಡನೆ ಹೋಗಿ ಅದನ್ನು ನೋಡಿ ಬರಬಹುದು.